ಬೇಲಿಯಿಲ್ಲದ ಹೊಲಗಳ ಊರು ಲ್ಯಾಕ್ಸ್‌ಟನ್

ಕೇಳುಗರೇ, ನಮಸ್ಕಾರ.

ಇಂಗ್ಲೆಂಡಿನ ಹಳ್ಳಿ ಎಂದೊಡನೆ ನಮ್ಮಲ್ಲಿ ಅನೇಕರ ಕಣ್ಣಿಗೆ ಕಟ್ಟುವುದು ಹಸಿರು ಬೇಲಿಗಳ ನಡುವೆ ಚೌಕಚೌಕವಾಗಿ ಹರಡಿದ ಹೊಲಗಳ ನೋಟ. ಆ ಬೇಲಿಗಳಲ್ಲಿ ಬಹಳಷ್ಟು ಎದ್ದದ್ದು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ. ಅದಕ್ಕೂ ಹಿಂದೆ ಮಧ್ಯ ಇಂಗ್ಲೆಂಡಿನ ಬಹುಪಾಲು ಊರುಗಳಲ್ಲಿ ಹೊಲಗಳ ನಡುವೆ ಬೇಲಿಯೇ ಇರಲಿಲ್ಲ. ಊರಿನ ಸುತ್ತ ಎರಡೋ ಮೂರೋ ವಿಶಾಲವಾದ ಬಯಲುಗಳಿರುತ್ತಿದ್ದವು. ಪ್ರತಿಯೊಂದು ಬಯಲಿನಲ್ಲೂ ಒಬ್ಬೊಬ್ಬ ರೈತನಿಗೆ ಅಲ್ಲೊಂದು ಇಲ್ಲೊಂದು ಎಂಬಂತೆ ಉದ್ದನೆಯ ಪಟ್ಟಿಗಳು ಸೇರಿರುತ್ತಿದ್ದವು. ಆ ಪದ್ಧತಿಯು ಇಂದಿಗೂ ಜೀವಂತವಾಗಿರುವ ನಾಟಿಂಗ್‌ಹ್ಯಾಮ್‌ಶೈರಿನ ಲ್ಯಾಕ್ಸ್‌ಟನ್ ಎಂಬ ಹಳ್ಳಿಯ ಕುರಿತು ಈ ಹೊತ್ತು ಮಾತನಾಡಬಯಸುತ್ತೇನೆ.

ಲ್ಯಾಕ್ಸ್‌ಟನ್ ಹಳೆಯ ಊರು. ನಾರ್ಮನ್ ದೊರೆ ವಿಲಿಯಂ 1086ರಲ್ಲಿ ಮಾಡಿಸಿದ ಭೂದಾಖಲೆಯಲ್ಲಿ ಅದರ ಹೆಸರಿದೆ. ಊರಿನ ಉತ್ತರಕ್ಕೆ ನಾರ್ಮನ್ನರು ಕಟ್ಟಿದ ಕೋಟೆಯ ಮಣ್ಣಿನ ದಿಬ್ಬ ಹುಲ್ಲು ಬೆಳೆದುಕೊಂಡು ಹಾಗೆಯೇ ನಿಂತಿದೆ. ಆದರೆ ಈ ಊರನ್ನು ನಮಗೆ ಹತ್ತಿರದಿಂದ ತೋರಿಸುವುದು ಕೋಟೆಯಲ್ಲ, ಒಂದು ನಕ್ಷೆ. ಲಂಡನ್ನಿನ ವ್ಯಾಪಾರಿ ಸರ್ ವಿಲಿಯಂ ಕೋರ್ಟೀನ್ ಈ ಊರಿನ ಒಡೆತನ ಪಡೆದ ಬಳಿಕ, 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಮೋಜಣಿದಾರನು ಹೊಲದ ಒಂದೊಂದು ಪಟ್ಟಿಯನ್ನೂ ಅಳೆದು ನಕ್ಷೆ ಬರೆದ. ಯಾವ ಪಟ್ಟಿ ಯಾರದು ಎಂಬುದನ್ನು ಹೇಳುವ ಪುಸ್ತಕವೊಂದು ಅದರ ಜೊತೆಗಿತ್ತು. ನಕ್ಷೆಯ ಖಾಲಿ ಜಾಗಗಳಲ್ಲಿ ಉಳುವವರು, ಕೊಯ್ಯುವವರು, ಬೇಟೆಯಾಡುವವರು ಪುಟ್ಟ ಪುಟ್ಟ ಚಿತ್ರಗಳಾಗಿ ಕಾಣುತ್ತಾರೆ. ಕೋರ್ಟೀನ್ ಮರುವರ್ಷವೇ ತೀರಿಕೊಂಡ. ಅವನ ಆಸ್ತಿ ಕೈಬದಲಾಯಿತು, ನಕ್ಷೆ ಮಾತ್ರ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯವನ್ನು ಸೇರಿ ಉಳಿದುಕೊಂಡಿತು.

ಪಟ್ಟಿಯ ಆಕಾರದ ಬಗ್ಗೆ ಒಂದು ಮಾತು. ಎತ್ತುಗಳ ದೊಡ್ಡ ಹೂಟಿಯನ್ನು ಕಟ್ಟಿದ ಭಾರವಾದ ನೇಗಿಲನ್ನು ಮತ್ತೆಮತ್ತೆ ತಿರುಗಿಸುವುದು ಕಷ್ಟವಾದ್ದರಿಂದ ಸಾಲು ಉದ್ದವಾಗಿದ್ದಷ್ಟೂ ಅನುಕೂಲ. ಹಾಗೆ ಉಳುವ ಸಾಲಿನ ಉದ್ದದಿಂದಲೇ 220 ಗಜದ ಫರ್ಲಾಂಗ್ ಹುಟ್ಟಿತು. ಆ ಉದ್ದಕ್ಕೆ 22 ಗಜದ ಅಗಲ ಸೇರಿದರೆ ಒಂದು ಎಕರೆ. ನಮ್ಮ ಪಹಣಿಯಲ್ಲಿ ಎಕರೆ-ಗುಂಟೆಗಳ ಲೆಕ್ಕ ನೋಡುವ ರೈತನು ತನಗರಿವಿಲ್ಲದೆಯೇ ಈ ಎತ್ತುಗಳ ನಡಿಗೆಯನ್ನು ಓದುತ್ತಿರುತ್ತಾನೆ. 33 ಅಡಿ ಚೌಕದ ನಮ್ಮ ಗುಂಟೆಯೂ ಆ 22 ಗಜದ, ಅಂದರೆ ಮೋಜಣಿದಾರರ ಒಂದು ಸರಪಳಿಯ, ಅರ್ಧವನ್ನೇ ಬಾಹುವಾಗಿ ಉಳ್ಳದ್ದು.

ಲ್ಯಾಕ್ಸ್‌ಟನ್ನಿನ ಮೂರು ಬಯಲುಗಳ ಹೆಸರು ಸೌತ್ ಫೀಲ್ಡ್, ವೆಸ್ಟ್ ಫೀಲ್ಡ್ ಮತ್ತು ಮಿಲ್ ಫೀಲ್ಡ್. ಒಂದರಲ್ಲಿ ಚಳಿಗಾಲಕ್ಕೆ ಮುನ್ನ ಬಿತ್ತಿದ ಗೋಧಿ, ಇನ್ನೊಂದರಲ್ಲಿ ವಸಂತದಲ್ಲಿ ಬಿತ್ತುವ ಬೆಳೆ, ಮೂರನೆಯದು ಬೀಳು. ಮರುವರ್ಷ ಈ ಸರದಿ ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಈಗ ಬೀಳು ಬಯಲನ್ನು ಹೆಚ್ಚಾಗಿ ಮೇವಿಗೆ ಬಳಸುತ್ತಾರೆ. ಉಳಲು ಬಾರದ ತಗ್ಗಿನ ಹುಲ್ಲುಪಟ್ಟಿಗಳಿಗೆ ಅಲ್ಲಿಯವರು ‘ಸೈಕ್’ ಎನ್ನುತ್ತಾರೆ. ಅವು ಯಾರೊಬ್ಬರ ಸ್ವತ್ತೂ ಅಲ್ಲ, ಅವುಗಳ ಹುಲ್ಲು ಹರಾಜಾಗುತ್ತದೆ. ನೇಗಿಲು ಮುಟ್ಟದ ಈ ಜಾಗಗಳಲ್ಲಿ ಬೇರೆಡೆ ಕಾಣಸಿಗದ ಹೂಗಿಡಗಳು ಉಳಿದುಕೊಂಡಿವೆ. ಒಕ್ಕಲುಮನೆಗಳು ಹೊಲದ ನಡುವೆ ಒಂಟಿಯಾಗಿರದೆ ಊರಬೀದಿಯ ಉದ್ದಕ್ಕೂ ಒತ್ತಾಗಿ ನಿಂತಿರುವುದಕ್ಕೂ ಇದೇ ಕಾರಣ: ಜಮೀನು ಮೂರು ದಿಕ್ಕಿಗೆ ಚದುರಿರುವವನಿಗೆ ಊರ ನಡುವೆ ಇರುವುದೇ ಲೇಸು.

ಸುತ್ತಲಿನ ಊರುಗಳ ಬಯಲುಗಳೆಲ್ಲ ಎಲ್ಲಿ ಹೋದವು? 1604ರಿಂದ 1914ರವರೆಗೆ ಬ್ರಿಟಿಷ್ ಪಾರ್ಲಿಮೆಂಟು ಐದು ಸಾವಿರಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಸುಮಾರು 68 ಲಕ್ಷ ಎಕರೆ ಭೂಮಿಗೆ ಬೇಲಿ ಹಾಕಿಸಿತು. ದೊಡ್ಡ ಹಿಡುವಳಿದಾರನಿಗೆ ಅದರಿಂದ ಇಳುವರಿ ಹೆಚ್ಚಿತು. ಒಂದು ಹಸುವನ್ನು ಊರಿನ ಬಯಲಿಗೆ ಅಟ್ಟಿ ಬದುಕುತ್ತಿದ್ದ ಬಡವನು ಆ ಹಕ್ಕನ್ನು ಕಳೆದುಕೊಂಡು ಕೂಲಿಗೆ ನಿಂತ. ಲ್ಯಾಕ್ಸ್‌ಟನ್ನಿಗೂ ಬೇಲಿ ಬಾರದೆ ಇರಲಿಲ್ಲ. ಬಯಲುಗಳ ಅಂಚು ಕಾಲಕಾಲಕ್ಕೆ ಕರಗಿತು. ಆದರೆ ಇಲ್ಲಿನ ಇಬ್ಬರು ದೊಡ್ಡ ಭೂಮಾಲೀಕರಾದ ಅರ್ಲ್ ಮ್ಯಾನ್ವರ್ಸ್ ಮತ್ತು ಅರ್ಲ್ ಆಫ್ ಸ್ಕಾರ್ಬರೊ ಮನೆತನಗಳಿಗೆ ಒಮ್ಮತವಾಗದೆ ಪೂರ್ತಿ ಬೇಲಿಯ ಕೆಲಸ ನಿಂತುಹೋಯಿತು. ದೊಡ್ಡವರ ಜಗಳದಲ್ಲಿ ಬಡವರು ನುಗ್ಗಾಗುವುದೇ ರೂಢಿ. ಇಲ್ಲಿ ಆ ಜಗಳವೇ ಹೊಲಗಳನ್ನು ಕಾಯಿತು ಎಂಬುದು ನನಗೆ ಸೋಜಿಗವೆನಿಸುತ್ತದೆ.

ಇನ್ನು ಈ ಬಯಲುಗಳ ಆಡಳಿತ. ಬದುವೂ ಇಲ್ಲದ, ಬೇಲಿಯೂ ಇಲ್ಲದ ಕಡೆ ನೆರೆಯವನ ಪಟ್ಟಿಯಿಂದ ಒಂದು ಸಾಲು ಕದ್ದು ಉಳುವುದು ಎಷ್ಟು ಸುಲಭ! ಅದಕ್ಕಾಗಿಯೇ ಊಳಿಗಮಾನ್ಯ ಕಾಲದ ‘ಕೋರ್ಟ್ ಲೀಟ್’ ಎಂಬ ಊರ ನ್ಯಾಯಸಭೆ ಇಲ್ಲಿ ಇಂದಿಗೂ ಕೂಡುತ್ತದೆ. ನವೆಂಬರ್ ಕೊನೆಯ ಹೊತ್ತಿಗೆ, ಬಿತ್ತನೆ ಮುಗಿದ ಗೋಧಿ ಬಯಲಿಗೆ ರೈತರೇ ಆಗಿರುವ ಜ್ಯೂರಿಯವರು ಹೊರಡುತ್ತಾರೆ. ಪಟ್ಟಿಗಳ ನಡುವಿನ ಗಡಿಯನ್ನು ನೋಡಿ ಗೂಟ ನೆಡುತ್ತಾರೆ. ಯಾರಾದರೂ ದಾರಿಯನ್ನೋ ಸೈಕನ್ನೋ ಒತ್ತುವರಿ ಮಾಡಿದ್ದಾರೆಯೇ, ಚರಂಡಿ ತೋಡದೆ ಬಿಟ್ಟಿದ್ದಾರೆಯೇ ಎಂದು ಪರಿಶೀಲಿಸುತ್ತಾರೆ. ತಪ್ಪು ಕಂಡರೆ ದಂಡ. ಮುಂದಿನ ವಾರ ಊರಿನ ‘ಡವ್‌ಕೋಟ್’ ಎಂಬ ಪಬ್ಬಿನಲ್ಲಿ ಸಭೆ ಸೇರಿ ಆ ದಂಡಗಳನ್ನು ಸ್ಥಿರಪಡಿಸುತ್ತದೆ. ಮೊತ್ತ ಕಿರಿದು. ಆದರೆ ದಂಡ ಹೇಳುವವನೂ ತೆರುವವನೂ ಒಂದೇ ಬೀದಿಯವರು. ಹತ್ತು ಜನರ ಮುಂದೆ ಹೆಸರು ಕೂಗಿಸಿಕೊಳ್ಳುವ ಮುಜುಗರ ಆ ಕೆಲವು ಪೌಂಡುಗಳಿಗಿಂತ ಹೆಚ್ಚು ಭಾರವಾದದ್ದೆಂದು ಹಳ್ಳಿಯಲ್ಲಿ ಬೆಳೆದ ಯಾರಿಗಾದರೂ ಗೊತ್ತು.

ಮಾಲೀಕರು ಬದಲಾದರು. 1952ರಲ್ಲಿ ಅರ್ಲ್ ಮ್ಯಾನ್ವರ್ಸ್ ಊರನ್ನು ಸರ್ಕಾರದ ಕೃಷಿ ಸಚಿವಾಲಯಕ್ಕೆ ಮಾರಿದರು. 1981ರಲ್ಲಿ ಅದು ರಾಜಪೀಠದ ಹೆಸರಿನ ಆಸ್ತಿಗಳನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟಿಗೆ ಹೋಯಿತು. 2020ರಲ್ಲಿ ಮ್ಯಾನ್ವರ್ಸ್ ಮನೆತನದ್ದೇ ಆಗಿದ್ದ ಥೋರ್ಸ್‌ಬಿ ಎಸ್ಟೇಟಿಗೆ ಮರಳಿತು. ಈ ನಡುವೆ ಎತ್ತು, ಕುದುರೆಗಳ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು. ಅದಕ್ಕೂ ಮುನ್ನವೇ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಲಾಗಿತ್ತು, ಒಕ್ಕಲುಗಳ ಸಂಖ್ಯೆಯೂ ಇಳಿದಿದೆ. ಪ್ರವಾಸಿಗಳಿಗೆಂದು ಬೇಸಾಯದ ವೇಷ ತೊಟ್ಟು ನಿಂತವರು ಅಲ್ಲಿಲ್ಲ. ಇರುವವರು ಗೇಣಿ ಕಟ್ಟಿ, ಗೋಧಿ ಮಾರಿ, ದರ ಕುಸಿದಾಗ ಗೊಣಗುವ ರೈತರು. ಅವರಲ್ಲಿ ಕೆಲವರು ಸಭೆ ಮುಗಿಯುವ ಮುನ್ನ ಎದ್ದುನಿಂತು ಮುಂದಿನ ವರ್ಷದ ಜ್ಯೂರಿಯಾಗಿ ಪ್ರಮಾಣ ಮಾಡುತ್ತಾರೆ. ಈ ವರ್ಷ ಕಣ್ಣುಮುಚ್ಚಿ ನೆರೆಯವನನ್ನು ಬಿಟ್ಟುಬಿಡೋಣವೆಂದರೆ, ಮುಂದಿನ ಬಯಲಿನಲ್ಲಿ ಅವರ ಪಟ್ಟಿಯ ಪಕ್ಕದಲ್ಲೇ ಆತನ ಪಟ್ಟಿಯೂ ಇರಬಹುದು.

ನಮಸ್ಕಾರ.