ಪ್ಯಾಂಟು ಸಡಿಲ, ಲೆಕ್ಕ ಬಿಗಿ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ಹದಿಹರೆಯದವರಿದ್ದರೆ ಹಿಪ್ ಹಾಪ್ ಎಂಬ ಹಾಡು-ಕುಣಿತದ ಸದ್ದು ನಿಮ್ಮ ಕಿವಿಗೂ ಬಿದ್ದಿರುತ್ತದೆ. ದೊಡ್ಡವರಿಗೆ ಮೊದಲು ಕಾಣುವುದು ದೊಗಳೆ ಪ್ಯಾಂಟು, ಹಿಂದುಮುಂದಾದ ಟೋಪಿ. ಕೇಳಿಸುವುದು ಬೈಗುಳ. ಇದೆಲ್ಲ ಇದೆ, ಇಲ್ಲ ಅನ್ನಲ್ಲ. ಆದರೆ ಹುಡುಗರನ್ನು ಕಟ್ಟಿಹಾಕಿರುವುದು ಅದರ ಕಸುಬು ಅಂತ ನನಗನಿಸುತ್ತದೆ.

ಹಿಪ್ ಹಾಪ್ ಹುಟ್ಟಿದ ಕಥೆಯನ್ನು ಇಲ್ಲಿಂದ ಶುರು ಮಾಡುತ್ತಾರೆ: 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶ. ಹೆದ್ದಾರಿಗಾಗಿ ಬೀದಿಗಳನ್ನೇ ಕೆಡವಿದ್ದ ಜಾಗ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಬೇಕಿತ್ತು. ದುಡ್ಡು ಹೊಂದಿಸಲು ತಮ್ಮ ಕಟ್ಟಡದಲ್ಲೇ ಪಾರ್ಟಿ ಇಟ್ಟಳು, ಟಿಕೆಟ್ ಮಾರಿದಳು. ರೆಕಾರ್ಡ್ ಹಾಕಿದ್ದು ಜಮೈಕಾದಲ್ಲಿ ಹುಟ್ಟಿದ ಅವಳಣ್ಣ, 18ರ ಡಿಜೆ ಕೂಲ್ ಹರ್ಕ್.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡು ನಿಂತು ಬರೀ ಡ್ರಮ್ ನುಡಿಯುವ ತುಣುಕು ಬಂದಾಗ ಕುಣಿಯುವವರಿಗೆ ಹುಚ್ಚೇ ಹಿಡಿಯುತ್ತದೆ. ಆದರೆ ಆ ತುಣುಕು ಇರುವುದು ಕೆಲವೇ ಸೆಕೆಂಡು. ಅದಕ್ಕೆ ಒಂದೇ ರೆಕಾರ್ಡಿನ ಎರಡು ಪ್ರತಿ ತಂದು, ರೆಕಾರ್ಡ್ ತಿರುಗಿಸುವ ಎರಡು ಟರ್ನ್‌ಟೇಬಲ್ ಮೇಲಿಟ್ಟ. ಒಂದರಲ್ಲಿ ತುಣುಕು ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರು. ಮೊದಲನೆಯದನ್ನು ಹಿಂದಕ್ಕೆ ತಿರುಗಿಸು, ಮತ್ತೆ ಹಚ್ಚು. ಆ ತುಣುಕಿಗೆ ಬ್ರೇಕ್ ಅಂದರು, ಕುಣಿದವರಿಗೆ ಬಿ-ಬಾಯ್, ಬಿ-ಗರ್ಲ್ ಅಂದರು. ಅದೇ ಕುಣಿತ 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಮುಟ್ಟಿತು.

ಹೊಸ ವಾದ್ಯ ಕೊಂಡಿದ್ದಿಲ್ಲ, ಗುರುಗಳೂ ಇಲ್ಲ. ಇದ್ದುದನ್ನೇ ತಿರುಗಾಮುರುಗಾ ಮಾಡಿ ಹೊಸದು ಮಾಡುವ ಈ ಚಾಳಿಯೇ ಎಳೆಯರಿಗೆ ಅಂಟಿದ್ದು.

ಸೈಫರ್ ನೋಡಿದ್ದೀರಾ? ಹುಡುಗರು ಸುತ್ತುಗಟ್ಟಿ ನಿಲ್ಲುತ್ತಾರೆ. ಒಬ್ಬ ಬಾಯಲ್ಲೇ ತಾಳ ಹಾಕುತ್ತಾನೆ. ಇನ್ನೊಬ್ಬ ನಡುವೆ ಬಂದು ಅಲ್ಲೇ ಸಾಲು ಹೊಸೆದು ತಾಳಕ್ಕೆ ನುಡಿಯುತ್ತಾನೆ. ಹಿಪ್ ಹಾಪ್‌ನ ಈ ಮಾತಿನ ಹಾಡೇ ರ‍್ಯಾಪ್. ನಾಲ್ಕು ಎಣಿಕೆಗೆ ಒಂದು ಬಾರ್. ಅಷ್ಟರೊಳಗೆ ಮಾತು ಕೂರಬೇಕು, ಪ್ರಾಸ ಬೀಳಬೇಕು, ಉಸಿರಿಗೂ ಜಾಗ ಉಳಿಯಬೇಕು. ತಪ್ಪಿದರೆ ನಗುತ್ತಾರೆ. ಬೇರೆಯವರ ಸಾಲು ಕದ್ದರಂತೂ ಕಥೆ ಮುಗಿಯಿತು. ಪರೀಕ್ಷೆಗೆ ಒಂದು ಪುಟ ಬರೆಯಲು ಗೋಳಾಡುವವನು ಇದಕ್ಕಾಗಿ ರಾತ್ರಿಯೆಲ್ಲ ಪದ ಹುಡುಕುತ್ತಾನೆ ಅಲ್ವಾ!

ಹೆಣ್ಣುಮಕ್ಕಳೂ ಈ ಸುತ್ತಿನೊಳಗೆ ನುಗ್ಗಿದ್ದಾರೆ. 1984ರಲ್ಲಿ ಹುಡುಗರ ತಂಡವೊಂದು ಹುಡುಗಿಯನ್ನು ಹಂಗಿಸಿ ಹಾಡಿತು. 14ರ ರಾಕ್ಸಾನ್ ಶಾಂಟೆ ಅದಕ್ಕೆ ಕೊಟ್ಟ ಉತ್ತರದ ರೆಕಾರ್ಡ್ ಭರ್ಜರಿಯಾಗಿ ಓಡಿತು. ಆದರೂ ಹೆಣ್ಣನ್ನು ಸರಕಿನಂತೆ ತೋರಿಸುವ, ಬಂದೂಕು ಮೆರೆಸುವ ಹಾಡುಗಳು ಜಾಸ್ತಿಯೇ ಮಾರಾಟವಾದವು. ಅದನ್ನು ಸುಮ್ನೆ ‘ಕಲೆ’ ಅಂತ ಒಪ್ಪಿಕೊಳ್ಳಬೇಕಿಲ್ಲ.

ಇನ್ನು ಪಶ್ಚಿಮ ಆಫ್ರಿಕಾದ ಸೆನೆಗಲ್‌ಗೆ ಬನ್ನಿ. ಅಲ್ಲಿ ರ‍್ಯಾಪ್ ಫ್ರೆಂಚಿನ ಜೊತೆ ಜನರ ಆಡುಮಾತಾದ ವೊಲೊಫ್‌ನಲ್ಲೂ ನಡೆಯುತ್ತದೆ. 2011ರಲ್ಲಿ ರ‍್ಯಾಪರ್‌ಗಳೂ ಪತ್ರಕರ್ತರೂ ಸೇರಿ ‘ಸಾಕಾಗಿ ಹೋಯಿತು’ ಎನ್ನುವ ಅರ್ಥದ ಹೆಸರಿಟ್ಟು ಚಳವಳಿ ಕಟ್ಟಿದರು. ಯುವಕರಿಗೆ ಮತದಾರರ ಪಟ್ಟಿಗೆ ಹೆಸರು ಬರೆಸಿ ಎಂದು ದುಂಬಾಲು ಬಿದ್ದರು. ಮರುವರ್ಷ ಅಧ್ಯಕ್ಷ ಅಬ್ದುಲಾಯೆ ವಾಡ್ ಸೋತರು. ರ‍್ಯಾಪ್ ಒಂದರಿಂದಲೇ ಅಂತಲ್ಲ. ಆದರೆ ಮತಗಟ್ಟೆಯ ಸಾಲಿನಲ್ಲಿ ಆ ಹಾಡು ಕೇಳಿದ ಹುಡುಗರೂ ನಿಂತಿದ್ದರು.

ನಮಸ್ಕಾರ.