ಒಂದು ಸೀಸನ್, ಮೂರು ಕಪ್, ಒಂದೇ ತಂಡ

ಅಧ್ಯಕ್ಷರೇ, ತರಬೇತುದಾರ ಮಿತ್ರರೇ, ಬೆಳಿಗ್ಗೆಯಿಂದ ಅಂಗಳದಲ್ಲಿ ಓಡಿ ದಣಿದಿದ್ದರೂ ಹಿಂದಿನ ಸಾಲುಗಳಲ್ಲಿ ಕುಳಿತಿರುವ ಮಕ್ಕಳೇ,

ಇಂದು ಬೆಳಿಗ್ಗೆ ಬ್ಯಾಸ್ಕೆಟ್‌ಬಾಲ್ ಆಯ್ಕೆ ನಡೆಯುತ್ತಿದ್ದಾಗ ನನ್ನ ಪಕ್ಕದಲ್ಲಿದ್ದವರೊಬ್ಬರು ಒಬ್ಬ ಹುಡುಗನನ್ನು ನೋಡಿ, ‘ಕೈ ಚೆನ್ನಾಗಿದೆ, ಆದರೆ ಎತ್ತರ ಸಾಲದು’ ಎಂದರು. ಆ ಮಾತು ನನ್ನನ್ನು ಮಧ್ಯಾಹ್ನದವರೆಗೂ ಬಿಡಲಿಲ್ಲ. ಶಿಬಿರದ ಶಿಸ್ತಿನ ಬಗ್ಗೆ ಮಾತನಾಡಲೆಂದು ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಮಡಿಸಿಟ್ಟು, ನಾನು ಬಹಳ ಪ್ರೀತಿಯಿಂದ ಗಮನಿಸಿದ ಒಂದು ತಂಡದ ಒಂದು ಸೀಸನ್ ಬಗ್ಗೆ ಮಾತ್ರ ಹೇಳುತ್ತೇನೆ. ತಂಡ ಮನಿಲಾದ ಸ್ಯಾನ್ ಮಿಗ್ ಕಾಫಿ ಮಿಕ್ಸರ್ಸ್, ಸೀಸನ್ 2013-14ರದು.

ಫಿಲಿಪೀನ್ಸ್‌ನವರಿಗೆ ಬ್ಯಾಸ್ಕೆಟ್‌ಬಾಲ್ ಎಂದರೆ ಏನೆಂಬುದನ್ನು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ಆದರೆ ಅವರ ಲೀಗ್‌ನ ಒಂದು ವಿಶೇಷವನ್ನು ನೆನಪಿಸಬೇಕು. 1975ರಲ್ಲಿ ಆರಂಭವಾದ, ಏಷ್ಯಾದ ಮೊದಲ ವೃತ್ತಿಪರ ಲೀಗ್ ಆದ ಫಿಲಿಪೀನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಪಿಬಿಎಯಲ್ಲಿ ವರ್ಷಕ್ಕೆ ಒಬ್ಬನೇ ಚಾಂಪಿಯನ್ ಇರುವುದಿಲ್ಲ. ಆ ಸೀಸನ್‌ನಲ್ಲಿ ಮೂರು ಪಂದ್ಯಾವಳಿಗಳಿದ್ದವು, ಮೂರಕ್ಕೂ ಬೇರೆ ಬೇರೆ ನಿಯಮ. ಫಿಲಿಪೀನ್ ಕಪ್‌ನಲ್ಲಿ ಹೊರದೇಶದ ಆಟಗಾರರಿಗೆ ಪ್ರವೇಶವಿಲ್ಲ. ಕಮಿಷನರ್ಸ್ ಕಪ್‌ನಲ್ಲಿ ಪ್ರತಿ ತಂಡಕ್ಕೂ ಎತ್ತರದ ಒಬ್ಬ ವಿದೇಶಿ ಆಟಗಾರ. ಗವರ್ನರ್ಸ್ ಕಪ್‌ನಲ್ಲೂ ಒಬ್ಬ ವಿದೇಶಿ, ಆದರೆ ಅವನು ಆರಡಿ ಐದಿಂಚು ಮೀರುವಂತಿರಲಿಲ್ಲ. ಎತ್ತರವನ್ನು ಅಳತೆಪಟ್ಟಿ ಹಿಡಿದು ಅಳೆದು, ಹೆಚ್ಚಾದವನನ್ನು ವಿಮಾನ ಹತ್ತಿಸಿ ಕಳುಹಿಸುವ ಲೀಗ್ ಅದು! ನಮ್ಮ ಆಯ್ಕೆಗಾರರು ಕಡಿಮೆಯಾದವನನ್ನು ಕಳುಹಿಸುತ್ತಾರೆ, ಅಲ್ಲಿ ಹೆಚ್ಚಾದವನನ್ನು ಕಳುಹಿಸುತ್ತಾರೆ.

ಹೀಗಾಗಿ ಒಂದೇ ವರ್ಷದಲ್ಲಿ ಮೂರೂ ಕಪ್ ಗೆಲ್ಲಬೇಕಾದರೆ ಒಂದು ತಂಡ ಮೂರು ಬಾರಿ ಹೊಸದಾಗಿ ಹುಟ್ಟಬೇಕು. ಇದನ್ನು ಅವರು ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ. ಕ್ರಿಸ್ಪಾ 1976ರಲ್ಲಿ ಮತ್ತು 1983ರಲ್ಲಿ, ಸ್ಯಾನ್ ಮಿಗೆಲ್ 1989ರಲ್ಲಿ, ಅಲಾಸ್ಕಾ 1996ರಲ್ಲಿ ಇದನ್ನು ಸಾಧಿಸಿದ್ದವು. ಅನಂತರ ಹದಿನೆಂಟು ವರ್ಷ ಯಾರಿಗೂ ದಕ್ಕಲಿಲ್ಲ. 1996ರ ಅಲಾಸ್ಕಾದ ಕೋಚ್ ಟಿಮ್ ಕೋನ್ ಅವರೇ 2013-14ರಲ್ಲಿ ಸ್ಯಾನ್ ಮಿಗ್ ಕಾಫಿಯ ಕೋಚ್ ಆಗಿದ್ದರು.

ಫಿಲಿಪೀನ್ ಕಪ್‌ನ ಸೆಮಿಫೈನಲ್‌ನಲ್ಲಿ ಎದುರಾಳಿ ಬಾರಂಗಾಯ್ ಜಿನೆಬ್ರಾ. ಎರಡೂ ಒಂದೇ ಸ್ಯಾನ್ ಮಿಗೆಲ್ ಕಂಪನಿಯ ತಂಡಗಳು. ಆದರೆ ಅಭಿಮಾನಿಗಳ ಪಾಲಿಗೆ ಅವು ಒಂದೇ ಮನೆಯ ದಾಯಾದಿಗಳು, ಮತ್ತು ದಾಯಾದಿ ಜಗಳದ ಕಾವು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಿನೆಬ್ರಾದಲ್ಲಿ ಏಳಡಿಯ ಗ್ರೆಗ್ ಸ್ಲಾಟರ್, ಅವನ ಜೊತೆಗೆ ಆರಡಿ ಒಂಬತ್ತಿಂಚಿನ ಜಾಫೆತ್ ಅಗಿಲಾರ್. ಇತ್ತ ಕೋನ್ ಅವರ ಮುಂಚೂಣಿಯ ಬಲ ಮಾರ್ಕ್ ಪಿಂಗ್ರಿಸ್, ಆರಡಿ ಐದಿಂಚಿನವನು. ಸರಣಿ ಏಳನೆಯ ಪಂದ್ಯಕ್ಕೆ ಹೋಯಿತು. ಅಂದು ಅರನೇಟಾ ಕೊಲಿಸಿಯಂನಲ್ಲಿ 24,000ಕ್ಕೂ ಹೆಚ್ಚು ಜನ ಸೇರಿದ್ದರು. ಪಿಂಗ್ರಿಸ್‌ನ ತಂಡ ಗೆದ್ದಿತು.

ಎತ್ತರ ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು. ರಿಂಗ್‌ನ ಕೆಳಗೆ ಎತ್ತರಕ್ಕೆ ಬೆಲೆಯಿಲ್ಲ ಎಂದು ನಾನು ಹೇಳಿದರೆ ಮಕ್ಕಳೂ ನಂಬುವುದಿಲ್ಲ. ಆದರೆ ರೀಬೌಂಡ್‌ಗೆ, ಅಂದರೆ ಗುರಿ ತಪ್ಪಿ ಹಿಂದಿರುಗುವ ಚೆಂಡಿಗೆ, ಮೊದಲು ಜಾಗ ಹಿಡಿಯಬೇಕು, ಜಾಗ ಹಿಡಿಯುವುದು ಕಾಲಿನ ಕೆಲಸ. ಪಿಂಗ್ರಿಸ್ ಅದನ್ನು ಬಲ್ಲವನು. 2013ರ ಆಗಸ್ಟ್‌ನಲ್ಲಿ ಮನಿಲಾದಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಕೊರಿಯಾವನ್ನು ಸೋಲಿಸಿ ರಾಷ್ಟ್ರತಂಡ ಫೈನಲ್ ಸೇರಿದಾಗ ಅವನು ಆಡಿದ ರೀತಿಯನ್ನು ಆ ದೇಶ ಇನ್ನೂ ಮರೆತಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಇದನ್ನು ನಾನು ಹಿಂದೆಯೂ ಹೇಳಿದ್ದೇನೆ, ಕೇಳಿದವರು ಸಹಿಸಿಕೊಳ್ಳಬೇಕು. 2014ರ ಫೆಬ್ರುವರಿ 26, ಫೈನಲ್‌ನ ಆರನೆಯ ಪಂದ್ಯ. ಎದುರಾಳಿ ರೇನ್ ಆರ್ ಶೈನ್, ಅವರ ಕೋಚ್ ಯೆಂಗ್ ಗಿಯಾವ್. 2012ರ ಗವರ್ನರ್ಸ್ ಕಪ್ ಫೈನಲ್‌ನ ಏಳನೆಯ ಪಂದ್ಯದಲ್ಲಿ ಕೋನ್ ಅವರ ಇದೇ ತಂಡವನ್ನು ಸೋಲಿಸಿದವರು ಅವರೇ. ಎರಡನೆಯ ಕ್ವಾರ್ಟರ್ ಆರಂಭವಾಗಿತ್ತಷ್ಟೆ. ಹಿಂದೆ ಬಿದ್ದಿದ್ದ ರೇನ್ ಆರ್ ಶೈನ್, ರೆಫರಿಗಳ ತೀರ್ಪನ್ನು ಪ್ರತಿಭಟಿಸಿ ಅಂಗಳ ಬಿಟ್ಟು ಒಳಗೆ ನಡೆದುಬಿಟ್ಟಿತು. ಚಾಂಪಿಯನ್‌ಶಿಪ್ ನಿರ್ಧಾರವಾಗಬಹುದಾದ ರಾತ್ರಿ, ತುಂಬಿದ ಸಭಾಂಗಣ, ಅಂಗಳದಲ್ಲಿ ಒಂದೇ ತಂಡ! ತಂಡ ಹಿಂದಿರುಗದಿದ್ದರೆ ಪಂದ್ಯವನ್ನು ಬಿಟ್ಟುಕೊಟ್ಟಂತೆ. ಕೊನೆಗೆ, ಗಡುವು ಮುಗಿಯುವ ಮೊದಲು ಅವರು ಹೊರಬಂದರು.

ಗಿಯಾವ್ ಮಾಡಿದ್ದು ತಪ್ಪೋ ಸರಿಯೋ ಎಂಬ ಚರ್ಚೆ ಬಹಳ ನಡೆದಿದೆ. ನನ್ನ ಗಮನ ಇರುವುದು ಅಂಗಳದಲ್ಲೇ ಉಳಿದವರ ಮೇಲೆ. ನಡುವೆ ಆಟ ನಿಂತರೆ ಏನಾಗುತ್ತದೆ ಎಂಬುದು ಇಲ್ಲಿ ಆಡಿದವರಿಗೆಲ್ಲ ಗೊತ್ತು. ಬೆವರು ಆರುತ್ತದೆ, ಮೈ ಬಿಗಿಯುತ್ತದೆ, ಕಪ್ ಕೈಗೆ ಬಂದೇಬಿಟ್ಟಿತೆಂಬ ಯೋಚನೆ ತಲೆಯೊಳಗೆ ನುಗ್ಗುತ್ತದೆ. ಎದುರಾಳಿ ಮಾತ್ರ ಸಿಟ್ಟಿನಿಂದ ಕಾದು ಹಿಂದಿರುಗುತ್ತಾನೆ. ಅಂದೂ ಹಾಗೆಯೇ ಆಯಿತು. ರೇನ್ ಆರ್ ಶೈನ್ ಬೆನ್ನಟ್ಟಿ ಬಂದಿತು. ಸ್ಯಾನ್ ಮಿಗ್ ಕಾಫಿ ತಡೆದು ನಿಂತು 93-87ರಿಂದ ಗೆದ್ದಿತು. ಕೋನ್ ಅವರಿಗೆ ಅದು ಹದಿನಾರನೆಯ ಪ್ರಶಸ್ತಿ. ಕ್ರಿಸ್ಪಾದ ದಿನಗಳ ಮಹಾಗುರು ಬೇಬಿ ದಲುಪಾನ್ ಅವರ ಹದಿನೈದರ ದಾಖಲೆ ಅಂದು ಹಿಂದಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಪಿಬಿಎ ತಂಡಗಳಿಗೆ ಊರಿನ ಹೆಸರಿಲ್ಲ, ಸರಕಿನ ಹೆಸರು. ಕಪ್ ಗೆದ್ದ ಕೆಲವೇ ದಿನಗಳಲ್ಲಿ ಸೀಸನ್‌ನ ನಡುವೆಯೇ ಈ ತಂಡ ‘ಸ್ಯಾನ್ ಮಿಗ್ ಸೂಪರ್ ಕಾಫಿ’ ಆಯಿತು. ನಮ್ಮಲ್ಲಿ ಮದುವೆಯಾದ ಹೆಣ್ಣುಮಗಳಿಗೆ ಕೆಲವು ಮನೆಗಳಲ್ಲಿ ಹೊಸ ಹೆಸರಿಡುವಂತೆಯೇ ಇದು. ಹಳೆಯ ಅಭಿಮಾನಿಗಳು ಮಾತ್ರ ತವರಿನ ಹೆಸರಾದ ಪ್ಯೂರ್‌ಫುಡ್ಸ್ ಎಂದೇ ಕರೆಯುತ್ತಾರೆ.

ಗಡಿಯಾರ ನೋಡುವಂತೆ ಸಂಘಟಕರು ಸೂಚಿಸುತ್ತಿದ್ದಾರೆ. ಕಮಿಷನರ್ಸ್ ಕಪ್ ಬಗ್ಗೆ ನಾಲ್ಕೇ ಮಾತು. ಟಾಕ್ ಎನ್ ಟೆಕ್ಸ್ಟ್ ಒಂದೂ ಪಂದ್ಯ ಸೋಲದೆ ಫೈನಲ್‌ಗೆ ಬಂದಿತ್ತು. ಸ್ಯಾನ್ ಮಿಗ್ ತಂಡಕ್ಕೆ ಏರ್21 ವಿರುದ್ಧದ ಸೆಮಿಫೈನಲ್‌ನ ಐದೂ ಪಂದ್ಯಗಳು ಬೇಕಾಗಿದ್ದವು. ಆದರೂ ಫೈನಲ್ 3-1ರಲ್ಲಿ ಮುಗಿಯಿತು. ಆಗ ತಂಡದ ವಿದೇಶಿ ಆಟಗಾರ ಜೇಮ್ಸ್ ಮೇಸ್. ಗವರ್ನರ್ಸ್ ಕಪ್‌ಗೆ ಅವನು ಹೋಗಿ ಮಾರ್ಕಸ್ ಬ್ಲೇಕ್ಲಿ ಬಂದ. ಕೋನ್ ಆಡಿಸುತ್ತಿದ್ದ ಟ್ರಯಾಂಗಲ್ ಅಫೆನ್ಸ್, ಅಂದರೆ ಆಟಗಾರರು ತ್ರಿಕೋನವಾಗಿ ನಿಂತು ದಾಳಿ ಮಾಡುವ ಪದ್ಧತಿ, ಬಲ್ಲವರಿಗೆ ಇದರ ಕಷ್ಟ ಅರ್ಥವಾಗುತ್ತದೆ. ಆ ಪದ್ಧತಿಯಲ್ಲಿ ಒಬ್ಬ ಹೆಜ್ಜೆ ಬದಲಿಸಿದರೆ ಉಳಿದ ನಾಲ್ವರೂ ಬದಲಿಸಬೇಕು. ಒಳಗಿನ ಆಟಗಾರ ಬದಲಾದಾಗ ಜೋ ಡೆವಾನ್ಸ್, ಪಿ.ಜೆ. ಸೈಮನ್, ಆರಡಿಯೂ ಇಲ್ಲದ ಗಾರ್ಡ್‌ಗಳಾದ ಮಾರ್ಕ್ ಬರೋಕಾ, ಜಸ್ಟಿನ್ ಮೆಲ್ಟನ್ ಇವರೆಲ್ಲ ತಮ್ಮ ಆಟವನ್ನು ಮತ್ತೆ ಹೊಂದಿಸಿಕೊಳ್ಳಬೇಕಾಯಿತು.

ಇನ್ನೊಂದು ಸಂಗತಿಯನ್ನು ಹೇಳದೆ ಇಳಿಯಲಾರೆ. ಆ ಸೀಸನ್‌ನ ಶ್ರೇಷ್ಠ ಆಟಗಾರ ಪ್ರಶಸ್ತಿ ಸ್ಯಾನ್ ಮಿಗೆಲ್ ಎಂಬ ಇನ್ನೊಂದು ತಂಡದ ಎತ್ತರದ ಹುಡುಗ ಜೂನ್ ಮಾರ್ ಫಹಾರ್ಡೊಗೆ ಹೋಯಿತು, ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಸ್ಲಾಟರ್‌ಗೆ. ಇಬ್ಬರೂ ಅರ್ಹರೇ. ಮೂರು ಕಪ್‌ಗಳು ಮಾತ್ರ ಇವೆರಡೂ ಪ್ರಶಸ್ತಿ ಸಿಗದ ತಂಡದ ಕಪಾಟು ಸೇರಿದವು. ಬೆಳಿಗ್ಗೆ ಹಿಂದಕ್ಕೆ ಕಳುಹಿಸಿದ ಆ ಹುಡುಗ ಈ ಸಭೆಯಲ್ಲಿದ್ದರೆ, ನಾಳೆ ಮತ್ತೊಮ್ಮೆ ಅವನನ್ನು ಆಡಿಸಿ ನೋಡಿ ಎಂದು ಆಯ್ಕೆ ಸಮಿತಿಯನ್ನು ಕೈಮುಗಿದು ಕೇಳುತ್ತೇನೆ.

ಗವರ್ನರ್ಸ್ ಕಪ್ ಫೈನಲ್‌ನ ಕೊನೆಯ ಪಂದ್ಯ 2014ರ ಜುಲೈ 9ರಂದು, ಮತ್ತೆ ರೇನ್ ಆರ್ ಶೈನ್ ವಿರುದ್ಧ. ಸರಣಿ 2-2. ಜೇಮ್ಸ್ ಯಾಪ್ ಸ್ಯಾನ್ ಮಿಗ್ ಕಡೆ, ಪಾಲ್ ಲೀ ರೇನ್ ಆರ್ ಶೈನ್ ಕಡೆ. 92-89. ಮೂರೇ ಅಂಕಗಳಿಂದ ಗ್ರ್ಯಾಂಡ್ ಸ್ಲಾಮ್ ಪೂರ್ಣವಾಯಿತು. ಎರಡು ವರ್ಷಗಳ ನಂತರ ಎರಡೂ ತಂಡಗಳು ಇದೇ ಇಬ್ಬರನ್ನು ಅದಲುಬದಲು ಮಾಡಿಕೊಂಡವು. ಯಾಪ್ ರೇನ್ ಆರ್ ಶೈನ್‌ಗೆ ಹೋದ, ಲೀ ಇತ್ತ ಬಂದ.