ಕೋಡಿ ನೀರಿನ ಕೊರಮೀನು

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ನವೆಂಬರ್ ತಿಂಗಳನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಮರೆಯುವುದುಂಟೇ? ಜಾಲಿ ಬೆಳೆದು, ಹುಡುಗರು ಕ್ರಿಕೆಟ್ ಆಡುವ ಬಯಲಾಗಿದ್ದ ಕೆರೆಗಳು ಒಂದರ ಹಿಂದೊಂದು ಕೋಡಿ ಬಿದ್ದವು. ನಮ್ಮೂರ ಕೆರೆಯೂ ಬಿತ್ತು. ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗಂಗಮ್ಮನ ಪೂಜೆಗೆ ಏರಿಯ ಮೇಲೆ ಹೊರಟರೆ, ಹುಡುಗರು ಹಳೆಯ ಸೊಳ್ಳೆಪರದೆ ಹಿಡಿದು ಕೋಡಿಯ ಕೆಳಗೆ ನಿಂತರು. ಸೆಳೆತಕ್ಕೆ ಎದುರಾಗಿ ಮೀನು ಏರುತ್ತಿತ್ತು. ಮೊಳದುದ್ದದ ಒಂದು ಕೊರಮೀನು ಸಿಕ್ಕಿತು. ನಮ್ಮ ತಾತ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಮ್ ಕೆರೇದಲ್ಲ ಕಣಪ್ಪಾ. ನಮ್ದು ಇಷ್ಟು ಕಪ್ಪಿರಲಿಲ್ಲ" ಅಂದರು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವನು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಣ್ಣ ಸಾಕ್ಷಿಯಾಗದು, ಕೆಸರು ನೀರಿನಲ್ಲೊಂದು, ತಿಳಿನೀರಿನಲ್ಲೊಂದು ಬಣ್ಣ ತಳೆಯುವ ಮೀನುಗಳಿವೆ. ತಾತ ಹೇಳಿದ್ದು ಸರಿಯೋ ತಪ್ಪೋ ತಿಳಿಯಬೇಕಾದರೆ ಅವರ ಕಾಲದ ಕೊರಮೀನು ಒಂದು ಬೇಕು. ಇಡೀ ಮೀನು ಬೇಡ, ಅದರ ರೆಕ್ಕೆಯ ಉಗುರಗಲದ ಚೂರು ಸಾಕು. ಅದು ಎಲ್ಲಿಯೂ ಇಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಚೂರಿನ ಬಗ್ಗೆಯೇ.

ಹವಾಮಾನ ಬದಲಾದಂತೆ ಮೀನುಗಳು ನೆಲೆ ಬದಲಿಸುತ್ತವೆ ಎಂದು ನೀವು ಕೇಳಿರುತ್ತೀರಿ. ಆದರೆ ಬಲೆಗೆ ಬಿದ್ದ ಮೀನನ್ನು ಎಣಿಸಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಒಂದು ಕಡೆ ಮೀನು ಕಡಿಮೆಯಾಯಿತು, ಇನ್ನೊಂದು ಕಡೆ ಹೆಚ್ಚಾಯಿತು ಅನ್ನೋಣ. ಇಲ್ಲಿದ್ದದ್ದೇ ಅಲ್ಲಿಗೆ ಹೋಯಿತೋ? ಇಲ್ಲಿಯದು ಸತ್ತು, ಅಲ್ಲಿ ಬೇರೊಂದು ವಂಶ ಬೆಳೆಯಿತೋ? ನೋಟಕ್ಕೆ ಎರಡೂ ಒಂದೇ ಮೀನು, ತಕ್ಕಡಿಯಲ್ಲೂ ಒಂದೇ ತೂಕ. ಬೇರೆ ಬೇರೆ ಎಂದು ಹೇಳಬಲ್ಲದ್ದು ಜೀವಕೋಶದೊಳಗಿನ ವಂಶವಾಹಿ. ನಮ್ಮ ಮುಖದಲ್ಲಿ ಅಜ್ಜಿಯ ಮೂಗು ಉಳಿದ ಹಾಗೆ, ಮೀನಿನ ಡಿ.ಎನ್.ಎ.ಯಲ್ಲಿ ಅದರ ವಂಶದ ಗುರುತು ಉಳಿದಿರುತ್ತದೆ.

ದೂರದ ಗ್ರೀನ್‌ಲ್ಯಾಂಡಿನ ಕಥೆ ಹೇಳುತ್ತೇನೆ. ಅಲ್ಲಿಯ ಪಶ್ಚಿಮ ಕಡಲಿನಲ್ಲಿ 1920ರ ದಶಕದಿಂದ ನೀರು ಬೆಚ್ಚಗಾಗುತ್ತ ಬಂದಂತೆ ಕಾಡ್ ಎಂಬ ಕಡಲ ಮೀನು ಹೆಚ್ಚಿತು. 1960ರ ದಶಕದಲ್ಲಿ ವರ್ಷಕ್ಕೆ ಹಿಡಿದ ಮೀನು 4 ಲಕ್ಷ ಟನ್ ದಾಟಿತು. ಆಮೇಲೆ ನೀರು ತಣ್ಣಗಾಯಿತು, ಹಿಡಿಯುವುದು ಮಾತ್ರ ನಿಲ್ಲಲಿಲ್ಲ, ಮೀನು ಕುಸಿದುಹೋಯಿತು. ಆ ಕಾಲದ ಸಂಶೋಧಕರಿಗೆ ಒಂದು ಅಭ್ಯಾಸವಿತ್ತು. ಮೀನಿನ ತಲೆಯೊಳಗೆ ಸಣ್ಣ ಕಿವಿಗಲ್ಲು ಇರುತ್ತದೆ. ಮರದ ಕಾಂಡದ ಹಾಗೆ ಅದರಲ್ಲಿ ವರ್ಷಕ್ಕೊಂದು ಉಂಗುರ. ವಯಸ್ಸು ಎಣಿಸಲು ಅದನ್ನು ತೆಗೆದು, ಕಾಗದದ ಲಕೋಟೆಗೆ ಹಾಕಿ, ಜಾಗ ಮತ್ತು ದಿನಾಂಕ ಬರೆದು ಕಪಾಟಿನಲ್ಲಿಡುತ್ತಿದ್ದರು. ಈ ಅಭ್ಯಾಸ ಶುರುವಾದಾಗ ಡಿ.ಎನ್.ಎ. ರಚನೆ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಆದರೆ ಕಲ್ಲಿಗೆ ಅಂಟಿ ಒಣಗಿದ ಒಂದಿಷ್ಟು ರಕ್ತಮಾಂಸ ಲಕೋಟೆಯಲ್ಲಿ ಹಾಗೇ ಉಳಿಯಿತು. 1930ರ ದಶಕದಿಂದ ಕೂಡಿಟ್ಟ ಆ ಲಕೋಟೆಗಳನ್ನು ಸುಮಾರು 80 ವರ್ಷಗಳ ನಂತರ ಬಿಚ್ಚಿ ಓದಿದಾಗ, ಒಂದೇ ಮೀನು ಎಂದುಕೊಂಡಿದ್ದರಲ್ಲಿ ಹಲವು ವಂಶಗಳಿದ್ದವೆಂದು ತಿಳಿಯಿತು. ಯಾವ ವಂಶ ಯಾವ ಕಾಲದಲ್ಲಿ ಹಬ್ಬಿತು, ಯಾವುದು ಇಳಿಯಿತು ಎಂಬುದೂ ತಿಳಿಯಿತು. ಮೊದಲ ಲಕೋಟೆಗಳನ್ನು ಇಟ್ಟವರು ಈ ಉತ್ತರವನ್ನು ನೋಡಲು ಬದುಕಿರಲಿಲ್ಲ. ಅವರನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ.

ನಮ್ಮ ಕರಾವಳಿಯ ಬೂತಾಯಿ, ಅಂದರೆ ಸಾರ್ಡಿನ್ ಮೀನಿನದೂ ಇಂಥದೇ ಪ್ರಶ್ನೆ. ಹಿಂದೆ ಮುಖ್ಯವಾಗಿ ಮಲಬಾರ್ ತೀರದ ಮೀನಾಗಿದ್ದ ಅದು, ಸಮುದ್ರ ಬಿಸಿಯೇರಿದಂತೆ ಉತ್ತರಕ್ಕೂ ಪೂರ್ವ ತೀರಕ್ಕೂ ಹಬ್ಬಿದೆ. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಸುಮಾರು 3,300 ಟನ್ನಿಗೆ ಇಳಿಯಿತು. ಕೊಚ್ಚಿಯಲ್ಲಿರುವ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 2023ರಲ್ಲಿ ಈ ಮೀನಿನ ಇಡೀ ಜೀನೋಮನ್ನು, ಅಂದರೆ ಅದರ ಡಿ.ಎನ್.ಎ.ಯ ಪೂರ್ತಿ ಬರಹವನ್ನು, ಓದಿ ಮುಗಿಸಿತು. ಬಿಸಿ ನೀರನ್ನು ತಾಳುವ ವಂಶ ಯಾವುದು, ಒಂದು ತೀರದ್ದು ಇನ್ನೊಂದು ತೀರಕ್ಕೆ ಹೋಗಿದೆಯೇ ಎಂದು ಹುಡುಕಲು ಈಗ ಒಂದು ಮೂಲಪ್ರತಿ ಇದ್ದಂತಾಯಿತು.

ಸಮುದ್ರದ ಮಾತು ಬಿಡಿ, ಕೆರೆಗೆ ಬರೋಣ. ಕೆರೆಯಲ್ಲಿ ಯಾವ ಮೀನಿದೆ ಎಂದು ತಿಳಿಯಲು ಈಗ ಬಲೆಯೇ ಬೇಕಿಲ್ಲ. ಮೀನಿನ ಲೋಳೆ, ಹೊಟ್ಟು, ಹಿಕ್ಕೆಯಿಂದ ಡಿ.ಎನ್.ಎ. ಚೂರುಗಳು ನೀರಿಗೆ ಉದುರುತ್ತಲೇ ಇರುತ್ತವೆ. ಒಂದೆರಡು ಲೀಟರ್ ನೀರನ್ನು ಸಣ್ಣ ಕಣ್ಣಿನ ಸೋಸುಕಾಗದದಲ್ಲಿ ಸೋಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಮೀನುಗಳ ಪಟ್ಟಿಯೇ ಬರುತ್ತದೆ. ಹೀಗೆ ಕೊಳದ ನೀರಿನಿಂದ ಕಪ್ಪೆಯನ್ನು ಪತ್ತೆ ಹಚ್ಚಿ ತೋರಿಸಿದ್ದು ಫ್ರಾನ್ಸಿನಲ್ಲಿ, 2008ರಲ್ಲಿ. ಮೀನುಗಳಿಗೆಂದೇ ಜಪಾನಿನವರು 2015ರಲ್ಲಿ ಒಂದು ವಿಧಾನ ಕಟ್ಟಿದರು. ಸುಮಾರು 170 ಅಕ್ಷರಗಳಷ್ಟು ಪುಟ್ಟ ಡಿ.ಎನ್.ಎ. ತುಂಡನ್ನು ಓದಿ ಮೀನಿನ ಹೆಸರು ಹೇಳುವುದು.

ಆದರೆ ನಮ್ಮ ಜಿಲ್ಲೆಯಲ್ಲಿ ಅದಕ್ಕೊಂದು ತೊಡಕಿದೆ. 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೆಂಗಳೂರಿನವರು ಉಂಡ ಬಂಗುಡೆಯ ಡಿ.ಎನ್.ಎ. ಚೂರು ಆ ನೀರಿನೊಂದಿಗೆ ಹರಿದು ಬರಬಹುದು. ಪಟ್ಟಿಯಲ್ಲಿ ಬಂಗುಡೆ ಕಂಡರೆ ಕೆರೆಯಲ್ಲಿ ಬಂಗುಡೆ ಇದೆ ಎಂದಲ್ಲ. ಕೆರೆ ನೋಡಿ ಗೊತ್ತಿರುವವರು ಪಟ್ಟಿ ಓದಬೇಕು. ಜೊತೆಗೆ, ಆ ಕೆರೆಯ ಕೊರಮೀನು ಹಳೆಯ ವಂಶದ್ದೋ ಹೊಸದೋ ಎಂದು ಆ ಪುಟ್ಟ ತುಂಡು ಹೇಳದು. ಅದಕ್ಕೆ ಮೀನಿನದೇ ಚೂರು ಬೇಕು.

ಏಕೆಂದರೆ ನಮ್ಮ ಕೆರೆಗಳಲ್ಲಿ ಮೀನು ಬದಲಾಗಲು ಎರಡು ದಾರಿ. ಒಂದು ಬಿಸಿಲು. ನೀರು ಕಾದರೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ; ಕಾಟ್ಲಾ, ರೋಹು ಬೆಳಗಿನ ಜಾವ ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಮೇಲಿನ ಗಾಳಿಯನ್ನೇ ನುಂಗಿ ಉಸಿರಾಡುವ ಕೊರಮೀನು ತಾಳಿಕೊಳ್ಳುತ್ತದೆ. ಇನ್ನೊಂದು ಲಾರಿ. ಗುತ್ತಿಗೆದಾರರು ಎಲ್ಲಿಂದಲೋ ಮರಿ ತಂದು ಬಿಡುತ್ತಾರೆ. ಅದರ ಜೊತೆ ಏನೇನು ಬಂತೋ ಯಾರೂ ನೋಡುವುದಿಲ್ಲ. ತುಮಕೂರಿನ ಕೇಳುಗರಿಗೆ ಇದು ಹತ್ತಿರದ ಮಾತು. ದೇವರಾಯನದುರ್ಗದಲ್ಲಿ ಹುಟ್ಟುವ ಶಿಂಷಾ ಹೋಗಿ ಸೇರುವ ಕಾವೇರಿಯಲ್ಲಿ, ಕಿತ್ತಳೆ ರೆಕ್ಕೆಯ ದೊಡ್ಡ ಬಿಳಿಮೀನು, ಅಂದರೆ ಮಹಶೀರ್, ಇತ್ತು. ಮೀನು ಹೆಚ್ಚಲೆಂದು ಒಳ್ಳೆಯ ಮನಸ್ಸಿನಿಂದಲೇ ಮಹಾರಾಷ್ಟ್ರದ ಲೋನಾವಳದಿಂದ ನೀಲಿ ರೆಕ್ಕೆಯ ಮರಿ ತಂದು ಬಿಟ್ಟರು. ನೀಲಿಯದು ತುಂಬಿಕೊಂಡಿತು, ಕಿತ್ತಳೆಯದು ಅಳಿವಿನಂಚಿಗೆ ಹೋಯಿತು. ಅದರ ವೈಜ್ಞಾನಿಕ ಹೆಸರು ಖಚಿತವಾದದ್ದು 2018ರಲ್ಲಿ, ಅದೂ ಡಿ.ಎನ್.ಎ. ನೋಡಿದ ಮೇಲೆ. ಅಷ್ಟು ದೊಡ್ಡ ಮೀನಿಗೇ ಹೀಗಾದರೆ ನಮ್ಮ ಕೆರೆಯ ಬೆರಳುದ್ದದ ಮೀನುಗಳನ್ನು ಕೇಳುವವರು ಯಾರು?

ಆದ್ದರಿಂದ ಜೀವಶಾಸ್ತ್ರದ ಮೇಷ್ಟ್ರುಗಳಲ್ಲಿ, ಕೆರೆ ಗುತ್ತಿಗೆ ಹಿಡಿದ ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ. ಸಾರಿಗೆ ಹೋಗುವ ಮೀನಿನ ರೆಕ್ಕೆಯ ತುದಿಯನ್ನು ಸ್ವಚ್ಛವಾದ ಕತ್ತರಿಯಿಂದ ಕತ್ತರಿಸಿ. ಪ್ರಯೋಗಾಲಯದ ಆಲ್ಕೋಹಾಲ್ ತುಂಬಿದ ಪುಟ್ಟ ಸೀಸೆಗೆ ಹಾಕಿ. ಮೀನಿಂದ ಮೀನಿಗೆ ಕತ್ತರಿ ತೊಳೆಯಿರಿ, ಒಂದರ ಗುರುತು ಇನ್ನೊಂದಕ್ಕೆ ಅಂಟಬಾರದು. ಊರಿನವರು ಆ ಮೀನನ್ನು ಕರೆಯುವ ಹೆಸರು, ಕೆರೆ, ತಾಲ್ಲೂಕು, ದಿನಾಂಕವನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಒಳಗೇ ಹಾಕಿ. ಪೆನ್ನಾದರೆ ಶಾಯಿ ಕರಗಿಹೋಗುತ್ತದೆ. ಬಿಸಿಲು ತಾಗದ ತಂಪು ಜಾಗದಲ್ಲಿಡಿ. ಇವತ್ತೇ ಓದಿಸಬೇಕೆಂದಿಲ್ಲ.

ನನ್ನ ಬಳಿ ಈಗ ಹದಿನಾಲ್ಕು ಸೀಸೆಗಳಿವೆ. ಮೊದಲನೆಯ ಚೀಟಿಯಲ್ಲಿ ಹೀಗಿದೆ: ಕೊರಮೀನು, ಕೋಡಿಯ ಕೆಳಗೆ, ನವೆಂಬರ್ 2021. ಅದರ ಹಿಂಬದಿಯಲ್ಲಿ ತಾತ ಹೇಳಿದ್ದನ್ನೂ ಬರೆದಿದ್ದೇನೆ: ನಮ್ಮದು ಇಷ್ಟು ಕಪ್ಪಿರಲಿಲ್ಲ.

ನಮಸ್ಕಾರ.